ಕೊನೆಗೆ ಬಂದ ಕುದುರೆ

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ?"

ಓಮಾನಿನ ಸೀಬ್ ಸೂಕ್ ಪೇಟೆಯ ಇಸುಬು ಕಾಕಾನ ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಮೊಬೈಲಿನಲ್ಲಿ ಜಪಾನಿನ ಕುದುರೆ ಓಟ ನೋಡುತ್ತ, "ಬಾರೋ ಕರಿಯಾ, ಬಾರೋ!" ಎಂದು ಕುಣಿಯುತ್ತಿದ್ದ ಬಸವಂತ ಹಾಗೇ ನಿಂತುಬಿಟ್ಟ.

ಎದುರಿಗೆ ತ್ರಿವೇಣಿ! ಬರುವ ತಿಂಗಳು ಅವನ ಕೈಹಿಡಿಯಬೇಕಾದವಳು.

ಭಾನುವಾರ ಜಪಾನಿಗೆ ರಜೆ, ಓಮಾನಿಗೆ ಕೆಲಸದ ದಿನ. 'ಲಾಯದಾಗ ಭಾಳ ಕೆಲಸ ಐತ್ರಿ' ಎಂದು ಬೆಳಿಗ್ಗೆ ತಾನೇ ಫೋನಿನಲ್ಲಿ ಹೇಳಿದ್ದನಲ್ಲ!

"ಡ್ಯೂಟಿ ಅಂತ ಸುಳ್ಳು ಹೇಳಿ ಇಲ್ಲಿ ಕುದರಿ ಜೂಜು! ಮದುವಿ ಖಲಾಸ್!"

ಬಸವಂತ ಮೊಬೈಲನ್ನು ಜೇಬಿಗಿಳಿಸಿದ. ತಲೆ ತಗ್ಗಿಸಿ ಹೊರನಡೆದ.

'ಒಂದು ಮಾತಾದರೂ ಆಡಬಾರದೆ? ಅಂದರೆ ನಿಜವೇ...' ಅವಳ ಕಣ್ಣು ತುಂಬಿತು.

"ಸ್ವಲ್ಪ ನೋಡಿ ಬೈಬೇಕಿತ್ತು ಮಾರಾಯ್ರೆ," ಇಸುಬು ಕಾಕಾ ಮೆಲ್ಲಗೆ ಹೇಳಿದ. "ಅವರ ಕುದುರೆ ಎಲ್ಲಕ್ಕಿಂತ ಕಡೆಗೆ ಬಂದದ್ದು. ದುಡ್ಡು ಕಟ್ಟಿದವ ಹಾಗೆ ಕುಣಿತಾನಾ?"

"ಅಂದ್ರ...?"

"ಜಪಾನಲ್ಲಿ ಕೆಲಸಕ್ಕಿದ್ದಾಗ ತಾಯಿ ಸತ್ತ ಮರಿಗೆ ಬಾಟ್ಲಿ ಹಾಲು ಕೊಟ್ಟು ಸಾಕಿದ್ರಂತೆ. ಅದು ಇವತ್ತು ತೆನ್ನೊ ಶೋ ಅಂತ ಅಲ್ಲಿನ ದೊಡ್ಡ ಓಟದಲ್ಲಿ, ಮೂರು ಕಿಲೋಮೀಟರಿಗಿಂತ ಜಾಸ್ತಿ ಓಡಿ ಮುಗಿಸಿತು. ಅದೇ ಖುಷಿ. ಮತ್ತೆ ಡ್ಯೂಟಿ ಎಲ್ಲಿಂದ? ಕಚ್ಚಾ ಎಣ್ಣೆ ರೇಟು ಬಿದ್ದದ್ದೇ ಇಲ್ಲಿನ ಲಾಯ ಬಂದ್ ಮಾಡಿದ್ರು. ಎರಡು ತಿಂಗಳಾಯ್ತು, ಪಾಪ, ಇಲ್ಲೇ ಬಂದು ಕೂರುದು."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ತ್ರಿವೇಣಿಗೆ. ಕೆಲಸ ಕಳೆದುಕೊಂಡವನನ್ನು ನಾಲ್ಕು ಜನರೆದುರು ಜೂಜುಕೋರ ಮಾಡಿದೆನಲ್ಲ! ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ... ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದುದು ಇಂಥ ಹೆಣ್ಣಿಗೇ ಇರಬೇಕು.

ಹೊರಗೆ ಓಡಿದಳು. ಸುಡುಬಿಸಿಲಲ್ಲಿ ಬಸವಂತ ಯಾರದೋ ಕಾರಿಗೆ ಒರಗಿ ನಿಂತಿದ್ದ.

"ನನಗ್ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ದಿನಾ ಫೋನ್ ಕೈಯಾಗ ಹಿಡೀತಿದ್ದೆ... ನಾಚಿಕಿ ಬರ್ತಿತ್ತು." ಅವನು ಕಣ್ಣೆತ್ತಲಿಲ್ಲ. "ನೀವು ಅಂದಂಗ ಆಗ್ಲಿ. ಮದುವಿ ಗೊತ್ತು ಮಾಡಿದ ನಿಮ್ಮ ಮಾವಗ ನಾನ ಹೇಳ್ತೀನಿ, ಮದುವಿ ಬ್ಯಾಡ ಅಂತ."

ತ್ರಿವೇಣಿ ಅವನ ಹತ್ತಿರಕ್ಕೆ ಸರಿದಳು. ಇವನನ್ನು ಕಳೆದುಕೊಂಡು ನಾನು ಹೇಗಿರಲಿ?

"ಒಳಗ ಬರ್ರಿ."

ಮೊದಲ ಸಲ ಅವನ ಕೈ ಹಿಡಿದಳು. ಎಳೆದುಕೊಂಡೇ ಹೋದಳು.

"ಎಲ್ಲಾರೂ ಕೇಳ್ರಿ!" ಅಂಗಡಿಯ ನಡುವೆ ನಿಂತು ಕೂಗಿದಳು. "ಇವರು ಜೂಜು ಆಡಿಲ್ಲ. ಕೆಲಸ ಹೋಗೇತಿ, ಅಷ್ಟ. ತಪ್ಪು ನಂದು. ನಾ ಇವರನ್ನ ಮದುವಿ ಆಗಾಕಿ!"

ಮೂಲೆಯಲ್ಲಿ ಯಾರೋ ಕೆಮ್ಮಿದರು. ಇಸುಬು ಕಾಕಾ ಎರಡು ಚಹಾ ತಂದಿಟ್ಟ.

"ಎಲ್ಲಾರ ಮುಂದ ಹೇಳಿಬಿಟ್ರಲ್ಲ... ಕೆಲಸ ಹೋಗೇತಿ ಅಂತ!" ಬಸವಂತನ ಮುಖ ಕೆಂಪಾಗಿತ್ತು.

"ಎರಡು ತಿಂಗಳು ಈ ಭಾರ ನೀವೊಬ್ಬರ ಹೊತ್ತೀರಿ. ಇನ್ನ ಅರ್ಧ ನನಗ ಕೊಡ್ರಿ."

"ಮಾವ ಒಪ್ಪದಿದ್ರ?"

"ನಾ ಒಪ್ಪಸ್ತೀನಿ. ಕೆಲಸ ಹೋದ್ರ ಹೋಗ್ಲಿ... ನೀವು ಹೋಗಬ್ಯಾಡ್ರಿ."

ಅವನು ಈಗ ತಲೆಯೆತ್ತಿ ಅವಳ ಮುಖ ನೋಡಿದ.

"ಎಲ್ಲಿ ಹೋಗ್ಲಿ? ನೀವು ಇನ್ನೂ ಕೈ ಬಿಟ್ಟಿಲ್ಲ."

ತ್ರಿವೇಣಿ ಕೆಳಗೆ ನೋಡಿದಳು. ಅಂಗಡಿ ತುಂಬ ಜನ! ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬಿಡಂಗಿಲ್ಲ," ಅಂದಳು.