ಎಡಗಡೆಯ ಮುಂದಿನ ಟೈರು

"ಬ್ರೇಕ್ ಯಾಕೆ ಅಷ್ಟು ತಡವಾಗಿ ಹಾಕ್ತೀರಿ?"

ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು. ಮುಖ ನೋಡಿ ಆಡಿದ್ದಲ್ಲ. ಅಂಗಡಿಯ ಮುಂದೆ ಜಾಕಿನ ಮೇಲೆ ನಿಂತಿದ್ದ ಹಳದಿ ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರವನ್ನು ಅಂಗೈಯಿಂದ ಸವರುತ್ತ ಆಡಿದ್ದು. ಟೈರಿನ ಹೊರ ಅಂಚು ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಸವೆದುಹೋಗಿತ್ತು. ಒಳಗಿನ ಅರ್ಧ ಮಾತ್ರ ಇನ್ನೂ ಹೊಸದರಂತಿತ್ತು.

ಕಾರಿನ ಒಡೆಯ ಕಕ್ಕಾಬಿಕ್ಕಿಯಾದ. "ನಾನು ಓಡಿಸೋದನ್ನ ನೀವೆಲ್ಲಿ ನೋಡಿದ್ರಿ?"

"ನೋಡಿಲ್ಲ. ತಿರುವು ಬರೋವರೆಗೂ ನಿಮಗೆ ಧೈರ್ಯ. ಬಂದ ಮೇಲೆ ಗಾಬರಿ. ಗಾಬರೀಲಿ ಸ್ಟೀರಿಂಗ್ ಪೂರ್ತಿ ಎಳೀತೀರಿ. ಕಾರು ತಿರುಗಲ್ಲ, ಟೈರು ಉಜ್ಜಿ ಹೋಗುತ್ತೆ."

ಅವನು ನಕ್ಕ. "ನಾನು ಹಲ್ಲಿನ ಡಾಕ್ಟರು. ಜನರ ಬಾಯೊಳಗೆ ನೋಡಿ ಹೀಗೇ ಬೈತಿರ್ತೀನಿ. ಬೈಸಿಕೊಳ್ಳೋರಿಗೆ ಹೇಗಾಗುತ್ತೆ ಅಂತ ಇವತ್ತು ಗೊತ್ತಾಯ್ತು."

ಆಗ ಅವಳು ತಲೆಯೆತ್ತಿ ನೋಡಿದಳು. ನೋಡಬಾರದಿತ್ತು... ಆ ನಗು ನೇರವಾಗಿ ಎದೆಗೇ ಇಳಿಯಿತು.

ಅಂಗಡಿ ಅವಳ ದೊಡ್ಡಪ್ಪನದು. ತಂದೆ ತಾಯಿ ಇಲ್ಲದ ಅವಳನ್ನು ಸಾಕಿ, ಟೈರಿನ ವಿದ್ಯೆಯನ್ನೆಲ್ಲ ಕಲಿಸಿದವರು ಅವರೇ. ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಿಗಳು ತಮ್ಮ ಕಾರುಗಳನ್ನು ತಂದು ಓಡಿಸುವ ದಿನಗಳಲ್ಲಿ, ದೊಡ್ಡಪ್ಪನ ಮಂಡಿನೋವಿನ ದೆಸೆಯಿಂದ, ಅಲ್ಲಿನ ತಗಡಿನ ಶೆಡ್ಡಿನಲ್ಲಿ ಕೂತು ಗಾಳಿ ನೋಡುವವಳು, ಚಕ್ರ ಬದಲಿಸುವವಳು ಅವಳೇ. ಟ್ರ್ಯಾಕಿನಲ್ಲಿ ಎಲ್ಲರ ಬಾಯಲ್ಲೂ ಅವಳು ಟೈರಕ್ಕ. ತಲೆ ನರೆತವರೂ ಹಾಗೆಯೇ ಕರೆಯುತ್ತಿದ್ದರು.

ಹಲ್ಲಿನ ಡಾಕ್ಟರು ಮಾತ್ರ ಕರೆಯಲಿಲ್ಲ. 'ರೀ' ಎಂದ, 'ಮೇಡಂ' ಎಂದ, ಏನೂ ತೋಚದಾಗ ಗಂಟಲು ಸರಿಪಡಿಸಿಕೊಂಡ. 'ಅಕ್ಕ' ಎಂಬ ಮಾತು ಅವನ ನಾಲಿಗೆಯ ಮೇಲೆ ಬರಲೇ ಇಲ್ಲ. ಇದನ್ನು ಅವಳು ಗಮನಿಸಿದ್ದಳು. ಗಮನಿಸಿಲ್ಲವೆಂದು ತನಗೆ ತಾನೇ ಹೇಳಿಕೊಂಡೂ ಇದ್ದಳು.

ಮೊದಲ ದಿನ ಅವನಿಗೆ ಬೇಕಾಗಿದ್ದುದು ರೇಸಿನವರು ಹಾಕುವಂಥ ಮೆತ್ತನೆಯ ಟೈರು. ನೆಲವನ್ನು ಗಮ್ಮಿನಂತೆ ಕಚ್ಚಿಹಿಡಿಯುವ ಆ ರಬ್ಬರು ಬೆಣ್ಣೆಯಂತೆ ಬೇಗ ಕರಗಿಯೂ ಹೋಗುತ್ತದೆ. ಮೆತ್ತನೆಯದು ಓಡಿಸುವವನ ತಪ್ಪನ್ನು ಮುಚ್ಚಿಹಾಕುತ್ತದೆ, ಗಟ್ಟಿಯದು ಕಿರುಚಿ ಕಿರುಚಿ ತೋರಿಸಿಕೊಡುತ್ತದೆ, ಕಲಿಯುವವರಿಗೆ ಗಟ್ಟಿಯದೇ ಸರಿ ಎಂದು ಅವಳು ಹಟ ಹಿಡಿದಳು. ಅವನು ಮರುಮಾತಿಲ್ಲದೆ ಒಪ್ಪಿದ.

ಅಂದಿನಿಂದ ಪ್ರತಿ ಸಲವೂ ಅವನು ಸವೆದ ಟೈರುಗಳೊಂದಿಗೆ ಬರುತ್ತಿದ್ದ. ಅವಳು ಬೈಯುತ್ತಿದ್ದಳು. ಅವನು ಬೈಸಿಕೊಂಡು, ಹೋಗಲು ಮನಸ್ಸಿಲ್ಲದವನಂತೆ ಗೋಡೆಗೆ ಒರಗಿಸಿದ್ದ ರಿಮ್ಮುಗಳನ್ನೆಲ್ಲ ನೋಡುತ್ತ ನಿಲ್ಲುತ್ತಿದ್ದ. ಈ ಸುಖ ಹೀಗೇ ಇರುತ್ತದೆ ಎಂದು ಅವಳು ನಂಬಿಬಿಟ್ಟಿದ್ದಳು.

ಇರಲಿಲ್ಲ.

ಒಂದು ದಿನ ಅವಳು ಗೋಡೌನಿಗೆ ಹೋಗಿ ಬರುವಷ್ಟರಲ್ಲಿ ಹಳದಿ ಕಾರು ಬಂದು ಹೋಗಿತ್ತು. ಅದಕ್ಕೆ ಮೆತ್ತನೆಯ ಸೆಟ್ಟು ಹಾಕಿ ಕಳಿಸಿದ್ದಾಗಿ ದೊಡ್ಡಪ್ಪ ತಿಳಿಸಿದರು. ಯಾರನ್ನು ಕೇಳಿ ಎಂದು ಅವಳು ಸಿಡುಕಿದಳು. ಅಂಗಡಿ ಯಾರದು ಎಂದು ದೊಡ್ಡಪ್ಪ ಪೇಪರಿನ ಮರೆಯಿಂದಲೇ ಕೇಳಿದರು.

ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ...

ಆಮೇಲೆ ಅವನು ಬರುವುದೇ ಅಪರೂಪವಾಯಿತು. ಟ್ರ್ಯಾಕಿನಲ್ಲಿ ಕಂಡಾಗಲೂ ಅವನ ಪಕ್ಕದ ಸೀಟಿನಲ್ಲಿ ಒಬ್ಬಳು ಇರುತ್ತಿದ್ದಳು. ಬಿಳಿ ಹೆಲ್ಮೆಟ್ಟು, ಅದನ್ನು ತೆಗೆದರೆ ಭುಜದವರೆಗೆ ಇಳಿಯುವ ಕೂದಲು, ಎದುರಿನವರ ತೋಳು ತಟ್ಟುತ್ತಲೇ ಮಾತಾಡುವ ಅಭ್ಯಾಸ. ಟ್ರ್ಯಾಕಿಗೆ ಹೊಸದಾಗಿ ಬಂದ ಚಾಲನಾ ಕೋಚ್ ಆಕೆ. ಆಕೆ ಎಲ್ಲರ ತೋಳನ್ನೂ ತಟ್ಟುತ್ತಿದ್ದಳು. ಆದರೆ ಟೈರಕ್ಕನ ಕಣ್ಣಿಗೆ ಬೀಳುತ್ತಿದ್ದುದು ಒಂದೇ ತೋಳು.

ಅನುಮಾನಕ್ಕೆ ಮುದ್ರೆ ಒತ್ತಿದ್ದು ಟೈರು. ಒಮ್ಮೆ ಗಾಳಿ ನೋಡಲೆಂದು ಹಳದಿ ಕಾರಿನ ಪಕ್ಕದಲ್ಲಿ ಮಂಡಿಯೂರಿ, ಎಂದಿನಂತೆ ಅಂಗೈ ಸವರಿದಳು. ರಬ್ಬರು ಅಂಚಿನಿಂದ ಅಂಚಿಗೆ ಒಂದೇ ಸಮನೆ ಸವೆದಿತ್ತು. ಎಲ್ಲೂ ಗಾಬರಿಯಿಲ್ಲ, ಎಲ್ಲೂ ಎಳೆದಾಟವಿಲ್ಲ. ಅವಳ ಕೈ ಅಲ್ಲೇ ನಿಂತಿತು.

ಇದು ಅವನ ಕೈಯಲ್ಲ. ಅವನ ಕಾರನ್ನು ಆ ಕೋಚ್ ಓಡಿಸುತ್ತಿದ್ದಾಳೆ. ಯಾರಿಗೂ ಕೀಲಿ ಕೊಡದ ಮನುಷ್ಯ ಅವಳ ಕೈಗೆ ಕೊಟ್ಟಿದ್ದಾನೆ... ಇನ್ನೇನು ಉಳಿಯಿತು?

ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು. ಅಂದಿನಿಂದ ಅವಳು ಊಟ ಸೇರದೆ, ಕಾರಣವಿಲ್ಲದೆ ಸ್ಪ್ಯಾನರುಗಳನ್ನು ನೆಲಕ್ಕೆಸೆಯುತ್ತ ದಿನ ತಳ್ಳಿದಳು. ಟೈರುಗಳಿಗೇನಾದರೂ ಕಾಲಿದ್ದಿದ್ದರೆ ಅಂಗಡಿ ಬಿಟ್ಟು ಓಡಿಹೋಗುತ್ತಿದ್ದವು ಎಂದು ದೊಡ್ಡಪ್ಪ ರೇಗಿಸಿದರು. ಅವಳು ನಗಲಿಲ್ಲ.

ಆ ಸೀಸನ್ನಿನ ಕೊನೆಯ ಟ್ರ್ಯಾಕ್ ದಿನ ಬಂದಿತು. ಸುಡುಬಿಸಿಲು, ಕಾಲಿಟ್ಟರೆ ಅಂಟುವ ಡಾಂಬರು.

ಆ ಟ್ರ್ಯಾಕಿನ ತಿರುವುಗಳಲ್ಲಿ ಹೆಚ್ಚಿನವು ಬಲಕ್ಕೆ. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಡೆಯ ಮುಂದಿನ ಟೈರಿನ ಮೇಲೆ ಬೀಳುತ್ತದೆ. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡುವುದು ಅವಳ ಪದ್ಧತಿ. ಹಾಗೆ ಮಾಡಿದರೆ ಟೈರು ಸಂಜೆಯವರೆಗೆ ಬಾಳುತ್ತದೆ. ಮಾಡದಿದ್ದರೆ ಆ ಬಿಸಿಲಿಗೆ ಅಂಚು ಕಿತ್ತುಬರುತ್ತದೆ.

ಮಧ್ಯಾಹ್ನ ಹಳದಿ ಕಾರು ಶೆಡ್ಡಿಗೆ ಬಂತು. ಅವನೂ ಬಿಳಿ ಹೆಲ್ಮೆಟ್ಟಿನವಳೂ ಇಳಿದರು. ಆಕೆ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಏನನ್ನೋ ಹೇಳಿದಳು. ಅವನು ನಕ್ಕ. ಅದೇ ನಗು, ಮೊದಲ ದಿನದ್ದು. ಆಕೆ ಅವನ ತೋಳು ತಟ್ಟಿದಳು.

ಟೈರಕ್ಕ ಮಂಡಿಯೂರಿ ಎಡಗಡೆಯ ಟೈರನ್ನು ಮುಟ್ಟಿದಳು. ಅಂಚಿನ ರಬ್ಬರು ತೆಳುವಾಗತೊಡಗಿತ್ತು. ಈಗಲೇ ಎಡಬಲ ಬದಲಿಸಬೇಕು. ಕೈ ಜಾಕಿನತ್ತ ಹೋಯಿತು.

ಸವೆಯಲಿ, ಎಂದಿತು ಒಳಗಿನ ಕೆಂಡ. ಹಾಳಾಗಲಿ. ಇನ್ನೊಂದು ಸೆಟ್ಟಿಗೆ ನನ್ನ ಮುಂದೆಯೇ ಬಂದು ನಿಲ್ಲಲಿ. ಅವಳೆದುರು ತಲೆ ತಗ್ಗಿಸಿ ಬರಲಿ...

"ಹೇಗಿದೆ? ಎಡಬಲ ಬದಲಿಸ್ಬೇಕಾ?" ಅವನು ಹತ್ತಿರ ಬಂದು ಕೇಳಿದ. ದನಿಯಲ್ಲಿ ಎಂದಿಲ್ಲದ ಆತಂಕವಿತ್ತು.

"ಚೆನ್ನಾಗಿದೆ," ಎಂದಳು, ಮುಖ ನೋಡದೆ. "ಓಡಿಸಿ."

ಟೈರಿನ ವಿಷಯದಲ್ಲಿ ಅವಳು ಯಾರಿಗೂ ಸುಳ್ಳು ಹೇಳಿದವಳಲ್ಲ. ಆ ಮಾತಿಗೆ ಅವನು ತಲೆದೂಗಿ ಹೆಲ್ಮೆಟ್ಟು ಹಾಕಿಕೊಂಡ. ಅನುಮಾನದ ಒಂದು ಗೆರೆಯೂ ಅವನ ಮುಖದಲ್ಲಿ ಮೂಡಲಿಲ್ಲ. ಅವಳನ್ನು ಇರಿದದ್ದು ಅದೇ.

ಕಾರು ಹೊರಟಿತು. ಅವಳು ಬೇರೆ ಕಾರಿನ ಗಾಳಿ ನೋಡಲು ಕುಳಿತಳು. ಗೇಜಿನ ಮುಳ್ಳು ಎಷ್ಟು ತೋರಿಸುತ್ತಿದೆ ಎಂದೇ ಕಾಣಲಿಲ್ಲ. ಕಿವಿಯೆಲ್ಲ ಟ್ರ್ಯಾಕಿನ ಮೇಲಿತ್ತು. ಹಳದಿ ಕಾರು ಒಮ್ಮೆ ಹಾದುಹೋಯಿತು, ಮತ್ತೊಮ್ಮೆ ಹೋಯಿತು. ಮುಂದಿನ ಸುತ್ತಿನಲ್ಲಿ ಟೈರಿನ ಕೂಗು ಬದಲಾಗಿತ್ತು. ಹರಿಯುತ್ತಿರುವ ಬಟ್ಟೆಯಂಥ ಒರಟು ಸದ್ದು.

ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಡಿ ಅವಳು ಓಡಿದಳು. ಟ್ರ್ಯಾಕಿನಂಚಿನ ಗೋಡೆಯ ಬಳಿ ಧ್ವಜ ಹಿಡಿದು ನಿಂತಿದ್ದವನ ತೋಳು ಜಗ್ಗಿ, ಹಳದಿ ಕಾರನ್ನು ಒಳಗೆ ಕರೆಸು, ಈಗಲೇ ಕರೆಸು ಎಂದು ಗೋಗರೆದಳು. ಅವಳ ಮುಖ ಕಂಡವನು ಕಾರಣ ಕೇಳಲಿಲ್ಲ. ಕಪ್ಪು ಧ್ವಜ ಬೀಸಿದ.

ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು.

ಕಾರು ಬಂದು ನಿಂತಿತು. ಎಡಗಡೆಯ ಮುಂದಿನ ಟೈರಿನ ಅಂಚು ಸುಲಿದು, ಒಳಗಿನ ನೂಲು ಬೆಳ್ಳಗೆ ಕಾಣುತ್ತಿತ್ತು. ಅವನು ಕೆಳಗಿಳಿದು ನೋಡಿದ. ಬದುಕಿ ಬಂದೆನೆಂಬ ನಿರಾಳ ಅವನ ಮುಖದಲ್ಲಿರಲಿಲ್ಲ. ಮನೆ ಕುಸಿದವನಂತೆ ಅಲ್ಲೇ ಕುಳಿತುಬಿಟ್ಟ.

"ಮುಗೀತು," ಎಂದ.

ಟೈರು ತಾನೇ, ಇನ್ನೊಂದು ಹಾಕಿದರಾಯಿತು ಎಂದು ಅವಳು ತೊದಲಿದಳು.

ಉತ್ತರ ಕೊಟ್ಟವಳು ಬಿಳಿ ಹೆಲ್ಮೆಟ್ಟಿನವಳು. "ಇನ್ನೊಂದು ಹಾಕಿದ್ರೆ ಲೆಕ್ಕಕ್ಕಿಲ್ಲ. ಒಂದೇ ಸೆಟ್ಟು ಸೀಸನ್ ಪೂರ್ತಿ ಬಾಳಿಸಿದ್ರೆ ಮಾತ್ರ ದೊಡ್ಡಪ್ಪ ಹೂಂ ಅಂತಾರಂತೆ."

"ಯಾರ ದೊಡ್ಡಪ್ಪ?"

"ನಿಮ್ಮ ದೊಡ್ಡಪ್ಪ ಕಣ್ರೀ. ಈ ಮನುಷ್ಯನಿಗೆ ನಿಮ್ಮನ್ನ ಕೊಡೋಕೆ. ಪಕ್ಕದಲ್ಲಿ ಕೂತು ಕಲಿಸಿ ಕಲಿಸಿ ನನಗೆ ಸಾಕಾಗಿದೆ. ತಿರುವಿಗೊಂದ್ಸಲ ನಿಮ್ಮ ಸುದ್ದಿ. ನನ್ನ ಕಿವಿ ತೂತು ಬಿದ್ದಿದೆ."

ಉಳಿದದ್ದನ್ನು ಅವನೇ ತಲೆ ತಗ್ಗಿಸಿ ಹೇಳಿದ. ಅವಳನ್ನು ತನಗೆ ಕೊಡಿ ಎಂದು ಕೇಳಲು ಅಂಗಡಿಗೆ ಹೋದಾಗ, ಟೈರನ್ನು ಹೀಗೆ ಕೊಲ್ಲುವವನ ಕೈಗೆ ನಮ್ಮ ಹುಡುಗಿಯನ್ನು ಹೇಗೆ ಕೊಡಲಿ ಎಂದಿದ್ದರಂತೆ ದೊಡ್ಡಪ್ಪ. ಬೇಕೆಂದೇ ಬೇಗ ಸವೆಯುವ ಮೆತ್ತನೆಯ ಸೆಟ್ಟನ್ನು ಹಾಕಿ ಕಳಿಸಿದ್ದರಂತೆ. ಹುಡುಗಿಗೆ ತಿಳಿಸಕೂಡದು, ತಿಳಿದರೆ ಅವಳು ಸಹಾಯ ಮಾಡಿಬಿಡುತ್ತಾಳೆ ಎಂದೂ ಹೇಳಿದ್ದರಂತೆ.

ಸಹಾಯ... ಅವಳಿಗೆ ನೆಲವೇ ಬಿರಿದಂತಾಯಿತು. ಟೈರನ್ನು ಸರಿಯಾಗಿಯೇ ಓದಿದ್ದಳು, ಅದು ಹಳೆಯ ಕೈಯಲ್ಲ ಎಂಬುದು ನಿಜವೇ ಆಗಿತ್ತು. ಅವನೇ ಬದಲಾಗಿರಬಹುದು ಎಂಬ ಯೋಚನೆ ಮಾತ್ರ ಅವಳ ಹತ್ತಿರ ಸುಳಿದಿರಲಿಲ್ಲ.

"ಮಧ್ಯಾಹ್ನವೇ ಎಡಬಲ ಬದಲಿಸ್ಬೇಕಿತ್ತು," ಎಂದಳು. "ನನಗೆ ಗೊತ್ತಿತ್ತು. ಬೇಕಂತಲೇ ಸುಮ್ಮನಾದೆ."

"ಯಾಕೆ?"

"ಹೊಟ್ಟೆಕಿಚ್ಚು."

ಅವನು ಬಹಳ ಹೊತ್ತು ಆ ಬಿಳಿ ನೂಲನ್ನೇ ನೋಡಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ನೀವು ಚೆನ್ನಾಗಿದೆ ಅಂದ್ರಿ ಅಂತ ಕಣ್ಣು ಮುಚ್ಚಿ ಹೋದೆ ನಾನು," ಎಂದಷ್ಟೇ ಹೇಳಿ ಎದ್ದುಹೋದ.

ಅವಳು ಆ ಟೈರನ್ನು ತಂದು ಅಂಗಡಿಯಲ್ಲಿ ದೊಡ್ಡಪ್ಪನ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ತಿರುಗಿಸಿ ನೋಡಿದರು. ಓಡಿಸಿದವನ ಕೈ ಪಳಗಿದೆ, ಈ ಅಂಚು ಹೋದದ್ದು ಶೆಡ್ಡಿನಲ್ಲಿದ್ದವರ ಅಲಕ್ಷ್ಯದಿಂದ ಎಂದರು. ಅಲಕ್ಷ್ಯವಲ್ಲ, ಬೇಕೆಂದೇ ಮಾಡಿದ್ದು ಎಂದು ಅವಳು ಎಲ್ಲವನ್ನೂ ಹೇಳಿದಳು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಒಬ್ಬರ ಜೀವ ನಿಂತಿರುವ ವಸ್ತುವಿನ ಮೇಲೆ ಸಿಟ್ಟು ತೀರಿಸಿಕೊಂಡವಳು ಮೊದಲು ಅವರ ಮುಂದೆ ಹೋಗಿ ನಿಲ್ಲಬೇಕು ಎಂದರು.

"ಹೋಗ್ತೀನಿ. ಆದ್ರೆ ನೀವೂ ಕೇಳಿ ದೊಡ್ಡಪ್ಪ. ನನ್ನ ಮದುವೇನ ಟೈರಿಗೆ ಕಟ್ಟೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಹೌದಮ್ಮ. ಅದು ನನ್ನ ತಪ್ಪು," ಎಂದರು ಮೆಲ್ಲಗೆ. "ಅವನಿಗೆ ಹೇಳು. ನನ್ನ ಕಡೆಯಿಂದ ಅಡ್ಡಿ ಇಲ್ಲ."

ಮರುದಿನ ಅವಳು ಅವನ ಕ್ಲಿನಿಕ್ಕಿಗೆ ಹೋದಳು. ಕೆನ್ನೆ ಹಿಡಿದು ಕೂತವರ ಸಾಲಿನಲ್ಲಿ ತಾನೂ ಕೂತು, ಸರದಿ ಬಂದಾಗ ಒಳಗೆ ಹೋಗಿ ರೋಗಿಯ ಕುರ್ಚಿಯಲ್ಲಿ ಒರಗಿದಳು. ಮಾಸ್ಕಿನ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣುಗಳು.

"ಯಾವ ಹಲ್ಲು?"

"ಹಲ್ಲಲ್ಲ. ಕ್ಷಮೆ ಕೇಳೋಕೆ ಬಂದೆ." ಅವಳು ಎದ್ದು ಕೂತಳು. "ನೆಪ ಹೇಳಲ್ಲ. ನಿಮ್ಮನ್ನ ಕಳ್ಕೊಳ್ತೀನಿ ಅಂತ ಹೆದರಿ, ನಿಜವಾಗ್ಲೂ ಕಳ್ಕೊಳ್ಳೋ ಕೆಲಸ ಮಾಡಿದೆ."

ಅವನು ಮಾಸ್ಕು ಇಳಿಸಿದ. "ತುಂಬಾ ಸಿಟ್ಟಿತ್ತು. ಇನ್ನೂ ಇದೆ, ಸ್ವಲ್ಪ. ಆದ್ರೆ ಧ್ವಜ ಬೀಸೋ ಹೊತ್ತಲ್ಲಿ ಗೋಡೆ ಹತ್ರ ನೀವು ನಿಂತಿದ್ರಲ್ಲ... ಆ ಮುಖ ಕಣ್ಣಿಂದ ಹೋಗ್ತಿಲ್ಲ."

"ದೊಡ್ಡಪ್ಪನ ಯಾಕೆ ಮೊದಲು ಕೇಳಿದ್ರಿ? ನಾನು ಎದುರಿಗೇ ಇರ್ತಿದ್ನಲ್ಲ."

"ಅವರು ಬೇಡ ಅಂದ್ರೂ ಟೈರಿಗೆ ಅಂತ ಬರಬಹುದಿತ್ತು. ನೀವು ಬೇಡ ಅಂದ್ರೆ ಆ ಬಾಗಿಲಿಗೆ ಮತ್ತೆ ಹೇಗೆ ಬರಲಿ?"

ಅವಳ ಕಣ್ಣು ತುಂಬಿ ಬಂತು. "ಈಗ ಕೇಳಿ," ಎಂದಳು.

ಅವನು ಕೇಳಿದ. ದನಿ ಎಷ್ಟು ಸಣ್ಣಗಿತ್ತೆಂದರೆ ಬಾಗಿಲಾಚೆಯ ನರ್ಸಿಗೂ ಕೇಳಿಸಲಿಲ್ಲ. ಅವಳು ಹೂಂ ಎಂದಳು, ಮತ್ತು ಅವನ ಕೈ ಹಿಡಿದಳು.

"ಇನ್ಮೇಲೆ ಹೊಟ್ಟೆಕಿಚ್ಚು ಪಡಲ್ಲ ಅಂತ ಮಾತು ಕೊಡ್ತೀರಾ?"

"ಅಷ್ಟು ದೊಡ್ಡ ಮಾತು ಕೊಡೋಕಾಗಲ್ಲ. ಕಿಚ್ಚು ಬಂದ್ರೆ ಮೊದಲು ನಿಮಗೆ ಹೇಳ್ತೀನಿ, ಆಮೇಲೆ ಟೈರು ಮುಟ್ತೀನಿ."

ಅವನು ನಕ್ಕ. ಹೊರಗೆ ಯಾರೋ ನೋವಿಗೆ ನರಳಿದರು.

"ಪೇಶಂಟ್ ಕಾಯ್ತಿದ್ದಾರೆ. ಕೈ ಬಿಟ್ರೆ ಅವರ ಹಲ್ಲು ಕೀಳ್ತೀನಿ."

"ಇನ್ನೊಂದು ನಿಮಿಷ ತಡ್ಕೊಳ್ಳಲಿ," ಎಂದಳು ಅವಳು.