ಬೈಗುಳದ ಕಲ್ಲು

"ಆ ಕಲ್ಲುಗಳನ್ನ ತೊಳಿ, ಒರೆಸು, ಏನ್ ಬೇಕಾದ್ರೂ ಮಾಡು. ಎಡಕ್ಕೆ ಮಾತ್ರ ತಿರುಗಿಸ್ಬೇಡ ತಾಯಿ," ಎಂದ ಮುದುಕ ಮ್ಯಾಟಿ, ಬಾಗಿಲ ಆಚೆಯೇ ನಿಂತು. "ತಿರುಗಿಸ್ತಾ ಯಾರ ಹೆಸರನ್ನೂ ಎತ್ಬೇಡ."

ನೋರೀನ್ ನಕ್ಕುಬಿಟ್ಟಳು. "ನಮ್ಮತ್ತೆ ಹೆಸರು ಎತ್ಲಾ? ಆಯಮ್ಮನ ಮುಂದೆ ನಿಮ್ ಕಲ್ಲಿನ ಆಟ ನಡೆಯುತ್ತೋ ಇಲ್ವೋ ನೋಡೋಣ."

ಮ್ಯಾಟಿ ನಗಲಿಲ್ಲ. ಕಿಲ್‌ಡರಗ್ ಎಂಬ ಆ ಊರಿನ ಹಳೆಯ ಚರ್ಚಿನ ಬೀಗದ ಕೈ ಅವನ ಬಳಿಯೇ ಇತ್ತಾದರೂ ಅವನು ಹೊಸ್ತಿಲು ದಾಟಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮಾಡು ಕುಸಿದು ಎಷ್ಟೋ ಕಾಲವಾಗಿತ್ತು. ಒಳಗೆ ಪಾಚಿಯ ವಾಸನೆ, ಕಾಗೆಯ ಹಿಕ್ಕೆಯ ವಾಸನೆ. ಪೂಜೆಯ ಪೀಠದ ಪಕ್ಕದಲ್ಲಿ ಒಂದು ಚಪ್ಪಡಿ. ಅದರಲ್ಲಿ ಒರಳಿನಂಥ ಮೂರು ಕುಳಿಗಳು. ಕುಳಿಗೊಂದರಂತೆ ನುಣುಪಾದ ಗುಂಡುಕಲ್ಲು. ಹಿಂದೆ ಅನ್ಯಾಯಕ್ಕೆ ಒಳಗಾದವರು ಇಲ್ಲಿಗೆ ಬಂದು, ಕಲ್ಲನ್ನು ಎಡಕ್ಕೆ ತಿರುಗಿಸಿ, ವೈರಿಯ ಹೆಸರು ಹಿಡಿದು ಕೇಡು ಕೇಳುತ್ತಿದ್ದರಂತೆ. ಕೇಳಿದ್ದು ಕೇಳಿದ ಹಾಗೇ ಆಗುತ್ತಿತ್ತಂತೆ. ಆ ಭಯಕ್ಕೇ ಊರು ಈ ಚರ್ಚನ್ನು ಪಾಳುಬಿಟ್ಟಿದ್ದು.

ನೋರೀನ್‌ಗೆ ಇಂಥವು ಹೊಸತಲ್ಲ. ಹಾಳುಬಿದ್ದ ಕಟ್ಟಡಗಳನ್ನು ಮೊದಲಿನಂತೆ ನಿಲ್ಲಿಸುವುದೇ ಗಂಡ ಹೆಂಡಿರ ಕೆಲಸ. ಕಲ್ಲಿನ ಕೆಲಸ ಅವಳದು, ಮರದ ಕೆಲಸ ಡೆಕ್ಲನ್‌ನದು. ಅವರ ಸಂಸಾರದಲ್ಲಿ ಮುದ್ದಿನ ಮಾತು ಎನ್ನುವುದೇ ಇರಲಿಲ್ಲ. ಬೈಗುಳವೇ ಮುದ್ದು. ಒಂದು ದಿನ ಅವಳು ಬೈಯದಿದ್ದರೆ ಅವನು ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದ. ಅಂಥ ಗಂಡ ಸಿಗಬೇಕಾದರೆ ಪುಣ್ಯ ಬೇಕು. ಅದು ಅವಳಿಗೂ ಗೊತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೇ.

ಮಾಡಿಗೆ ತೊಲೆ ತರಲು ಡೆಕ್ಲನ್ ಬೆಳಿಗ್ಗೆಯೇ ಲಾರಿ ತೆಗೆದುಕೊಂಡು ಗಾಲ್ವೇ ಪೇಟೆಗೆ ಹೋಗಿದ್ದ. ಮಧ್ಯಾಹ್ನ ಫೋನ್ ಮಾಡಿದ. ಅವಳು ಫೋನನ್ನು ಚಪ್ಪಡಿಯ ಮೇಲಿಟ್ಟು ಬಲಗೈಯಲ್ಲಿ ಬ್ರಷ್ ಹಿಡಿದಳು. ಪಾಚಿ ಉಜ್ಜುತ್ತಾ ಎಡಗೈಯಲ್ಲಿ ಮೊದಲ ಕಲ್ಲನ್ನು ತಿರುಗಿಸತೊಡಗಿದಳು. ಅದು ಎಡಕ್ಕೇ ಸುಲಭವಾಗಿ ಹೊರಳುತ್ತಿತ್ತು.

ಅತ್ತ ಕಡೆ ಅವನು ಗಂಟಲು ಹರಿಯುವಂತೆ ಹಾಡುತ್ತಿದ್ದ.

"ಡೆಕ್ಲನ್! ನಿನ್ ಬಾಯಿಗೆ ಮಣ್ಣು ಬೀಳ, ನಿಲ್ಸೋ ಅದನ್ನ!"

"ನೀನು ಹೊಗಳ್ತಿದೀಯ ಅಂತ ಇನ್ನೊಂದು ಸಾಲು ಹಾಡ್ತೀನಿ ಇರು."

ಎರಡನೆಯ ಕಲ್ಲು. "ಎಲ್ಲಿದೀಯ ಈಗ?"

"ಟೀ ಕುಡೀತಾ ಇದೀನಿ ಕಣೇ."

"ಮತ್ತೆ ಲಾರಿ ನಿಲ್ಸಿದ್ಯಾ? ನಿನ್ ಕಾಲು ಮುರಿಯ, ಡೆಕ್ಲನ್!" ಕಲ್ಲು ಗರ್ರೆಂದು ಸುತ್ತಿತು. ಮೂರನೆಯದು ದೊಡ್ಡದು, ನಡುವೆ ಬಿರುಕು; ಅದನ್ನೂ ಎಡಕ್ಕೇ ಹೊರಳಿಸಿದಳು. "ಸುಣ್ಣದ ಚೀಲ ಹಾಕ್ಕೊಂಡ್ಯಾ?"

ಆ ಕಡೆಯಿಂದ ಸಣ್ಣ ದನಿ: "ಮರ್ತೆ."

"ಮರ್ತ್ಯಾ? ನಾಳೆ ನನ್ನೂ ಮರಿ! ನಾನ್ಯಾರು ಅಂತಾನೇ ಮರ್ತು ಹೋಗು, ಡೆಕ್ಲನ್!"

"ನಿನ್ನ ಮರೆಯೋ ಅದೃಷ್ಟ ನಂಗೆಲ್ಲಿದೆ?" ಎಂದು ಅವನು ನಕ್ಕ.

ದೊಡ್ಡ ಕಲ್ಲಿನ ಬಿರುಕು ಅವಳಿಗೆ ಸರಿಕಾಣಲಿಲ್ಲ. ಯಾರಾದರೂ ಎತ್ತಿಕೊಂಡು ಹೋದರೂ ಹೋದಾರು. ಕೆಳಗಿನಿಂದ ರಂಧ್ರ ಕೊರೆದು, ಉಕ್ಕಿನ ಸರಳು ಕೂರಿಸಿ, ಕುಳಿಗೆ ಅಂಟು ಸುರಿದು ಭದ್ರಮಾಡಿದಳು. ಅವಳು ಕೂರಿಸಿದ ಕಲ್ಲು ಇವತ್ತಿನವರೆಗೆ ಎಲ್ಲಿಯೂ ಅಲ್ಲಾಡಿರಲಿಲ್ಲ.

ಸಂಜೆ ಲಾರಿಯ ಸದ್ದು ಕೇಳಿಸಿತು. ಡೆಕ್ಲನ್ ಹೊಸ್ತಿಲು ದಾಟಿ ಬಂದ. ಹೆಸರಿನವನು ಎದುರಿಗೆ ಬರುವುದನ್ನೇ ಕಲ್ಲುಗಳು ಕಾಯುತ್ತಿದ್ದವೋ ಏನೋ. ಅವನು ಏನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಆಗ ತಾನೇ ತೋಡಿದ ಗೋರಿಯ ಹಸಿ ವಾಸನೆ ಗಪ್ಪೆಂದು ಅವಳ ಮೂಗಿಗೆ ಬಡಿಯಿತು.

"ನಾಟಕ ಸಾಕು, ತೊಲೆ ಇಳಿಸು," ಎಂದಳು ನೋರೀನ್.

ಅವನ ತುಟಿಯ ಅಂಚಿನಿಂದ ಮಣ್ಣು ಉದುರಿತು. ಕಪ್ಪು ಮಣ್ಣು. ಅವನು ಕೆಮ್ಮಿದ. ಇನ್ನಷ್ಟು ಬಂತು.

ಅವಳು ಓಡಿದಳು. ಅವನೂ ಒಂದು ಹೆಜ್ಜೆ ಇಟ್ಟ. ಸಪಾಟು ನೆಲದ ಮೇಲೆ, ಏನೂ ತಗುಲದೆ, ಅವನ ಕಾಲು ಲಟಕ್ಕೆಂದು ಮುರಿಯಿತು. ಹಿಂದಿನಿಂದ ಗರ್ರೆಂದು ಸದ್ದು. ಯಾರೂ ಮುಟ್ಟದೆ ಚಪ್ಪಡಿಯ ಮೇಲೆ ಎರಡನೆಯ ಕಲ್ಲು ಹೊರಳುತ್ತಿತ್ತು.

"ಬಲಕ್ಕೆ!" ಹೊರಗಿನಿಂದ ಮ್ಯಾಟಿ ಅರಚಿದ. "ಬಲಕ್ಕೆ ತಿರುಗ್ಸು! ಹೆಸರು ಹಿಡಿದು ಆಡಿದ ಮಾತು ವಾಪಸ್ ತಗೋ!"

ಕತ್ತಲು ನುಗ್ಗಿ ಬಂತು. ಅವಳು ತಡಕಾಡಿದಳು. ಮೊದಲ ಕಲ್ಲು ಸಿಕ್ಕಿತು. ಹೆಣದಷ್ಟು ತಣ್ಣಗಿತ್ತು. ತಿರುಗಿಸಿದಳು. "ಡೆಕ್ಲನ್, ನಿನ್ ಬಾಯಿ ತಣ್ಣಗಿರ್ಲಿ!" ಅವನು ಉಸಿರೆಳೆದುಕೊಂಡ. ಎರಡನೆಯದು. ಭಾರ. ಭುಜ ಒತ್ತಿ ತಿರುಗಿಸಿದಳು. "ಡೆಕ್ಲನ್, ನಿನ್ ಕಾಲು ಗಟ್ಟಿಯಾಗಿರ್ಲಿ!" ಅವನು ಚೀರಿದ. ಮೂಳೆ ಕೂಡಿತು.

ಮೂರನೆಯದು. ತಿರುಗಲಿಲ್ಲ.

ಎರಡೂ ಕೈ ಹಾಕಿದಳು. ಅಲ್ಲಾಡಲಿಲ್ಲ. ಉಗುರು ಕಿತ್ತು ಬಂತು. "ನೋರೀನ್," ಎಂದು ಅವನು ಕರೆದ. ಮತ್ತೆ ಕರೆದ, "ನೋರೀ..." ಹೆಸರು ಅರ್ಧಕ್ಕೇ ನಿಂತಿತು. ಅವಳು ಉಳಿ ಎತ್ತಿದಳು. ಸುತ್ತಿಗೆಯಿಂದ ಹೊಡೆದಳು. ಮತ್ತೆ ಹೊಡೆದಳು. ಕಲ್ಲು ಸೀಳಿಹೋಯಿತು. ಮೇಲಿನ ಹೋಳು ಕೈಗೆ ಬಂತು. ಕೆಳಗಿನ ಹೋಳು ಕುಳಿಯಲ್ಲೇ, ಅವಳ ಸರಳನ್ನು ಕಚ್ಚಿಕೊಂಡು ಕೂತಿತ್ತು. ಕೈಯಲ್ಲಿದ್ದುದನ್ನೇ ಬಲಕ್ಕೆ ತಿರುಗಿಸಿದಳು. "ಮರೀಬೇಡ ಕಣೋ! ಡೆಕ್ಲನ್, ಮರೀಬೇಡ!"

ಸದ್ದು ನಿಂತಿತು.

ಕಿಟಕಿಯಲ್ಲಿ ಸಂಜೆಯ ಬೆಳಕು ಮತ್ತೆ ಕಂಡಿತು. ಡೆಕ್ಲನ್ ಎದ್ದು ಕೂತಿದ್ದ. ಪ್ಯಾಂಟಿನ ಧೂಳು ಕೊಡವಿಕೊಂಡು, ನಿಂತು, ಹತ್ತಿರ ಬಂದ. ಅವನು ಬದುಕಿದ್ದ. ಅವಳು ಅಪ್ಪಿಕೊಳ್ಳಲು ಕೈ ಚಾಚಿದಳು.

"ಅಯ್ಯೋ, ನಿಮ್ಮ ಕೈಯಿಂದ ರಕ್ತ ಬರ್ತಿದೆ ಮೇಡಂ," ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

ಜೇಬಿನಿಂದ ಕರವಸ್ತ್ರ ತೆಗೆದು, ಬೆರಳಿಗೆ ಬೆರಳು ತಾಗದ ಹಾಗೆ ಕೊಟ್ಟ. ಇಷ್ಟು ವರ್ಷಗಳ ಸಂಸಾರದಲ್ಲಿ ಅವನು ಅವಳನ್ನು ಒಮ್ಮೆಯೂ 'ನೀವು' ಎಂದಿರಲಿಲ್ಲ. ಒಂದೇ ಒಂದು ಬೈಗುಳ ಬೈದರೆ ಗುರುತು ಹಿಡಿದಾನು ಎನಿಸಿತು ಅವಳಿಗೆ. ಬಾಯಿ ತೆರೆದಳು. ಕುಳಿಯಲ್ಲಿದ್ದ ಹೋಳನ್ನು ನೋಡಿ ಮುಚ್ಚಿದಳು.

"ಕತ್ತಲಾಗ್ತಿದೆ," ಎಂದ ಅವನು, ಅಪರಿಚಿತರೊಂದಿಗೆ ಆಡುವ ಆ ಒಳ್ಳೆಯ ದನಿಯಲ್ಲಿ. "ಮನೇಲಿ ನಿಮ್ಮೋರು ಕಾಯ್ತಿರ್ತಾರೇನೋ?"

"ಇದ್ರು," ಎಂದಳು ನೋರೀನ್. "ಬೈಸ್ಕೊಳ್ಳೋಕೆ ಒಬ್ರಿದ್ರು."