ಅತ್ತಿಗೆ ಕಟ್ಟಿದ ಕವಚ

“ಬಾಗಿಲು ತೆಗಿ ಅಂದೆ! ಒಳಗೆ ಏನ್ ನಡೀತಿದೆ?”

ಉತ್ತರಕ್ಕೂ ಕಾಯದೆ ಅತ್ತೆ ಬಾಗಿಲನ್ನು ನೂಕಿಯೇ ಬಿಟ್ಟರು. ಚಿಲಕ ಹಾಕಿರಲಿಲ್ಲ, ಗಾಳಿ ನುಸುಳದಿರಲೆಂದು ಸಂದಿಗೆ ತುರುಕಿದ್ದ ಹಳೆಯ ಟವೆಲ್ ಬಾಗಿಲಿನ ಜೊತೆಗೇ ಸರಿದು ಬಂತು. ಒಳಗೆ ಸೊಸೆ ಮೈದುನನ ಎದುರು ನಿಂತಿದ್ದಳು. ಅವನ ಮೈಮೇಲೆ ಬನಿಯನ್ ಬಿಟ್ಟರೆ ಬೇರೆ ಅಂಗಿಯಿಲ್ಲ. ಅಳತೆಯ ಟೇಪನ್ನು ಬೆನ್ನ ಹಿಂದಿನಿಂದ ಸುತ್ತಿ ತರಲೆಂದು ಅವಳ ಎರಡೂ ಕೈಗಳು ಅವನ ಕಂಕುಳ ಕೆಳಗೆ ಹೋಗಿದ್ದವು. ನೋಡುವ ಕಣ್ಣಿಗೆ ಹೇಗೆ ಕಾಣಬಾರದಿತ್ತೋ ಹಾಗೇ ಕಂಡಿತು! ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಕೊಂಡಿದ್ದರಿಂದ ತಕ್ಷಣ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆ ಕ್ಷಣದ ಮೌನವೇ ಅವಳ ಸಂಸಾರಕ್ಕೆ ಮುಳುವಾಯಿತು.

“ಅಳತೆ ತಗೋತಿದ್ದೆ ಅತ್ತೆ,” ಎಂದಳು ಪೆನ್ಸಿಲ್ ತೆಗೆದು. “ಎದೆಯ ಕವಚಕ್ಕೆ. ಗಾಳಿ ಬಂದ್ರೆ ಪ್ರಿಂಟ್ ಆಗ್ತಿರೋ ಪ್ಲಾಸ್ಟಿಕ್‌ನ ಮೂಲೆ ಎದ್ದುಬಿಡುತ್ತೆ, ಅದಕ್ಕೇ ಬಾಗಿಲು ಮುಂದೆ ಮಾಡಿದ್ದು...”

“ಗಾಳಿ ಬಂದ್ರೆ ಮೂಲೆ ಏಳುತ್ತಂತೆ! ಗಾಳಿಮಾತು ಬಂದ್ರೆ ಮನೆಯೇ ಎದ್ದುಹೋಗುತ್ತೆ, ಅದು ಗೊತ್ತಿಲ್ವಾ ನಿನಗೆ?”

ಮೂಲೆಯಲ್ಲಿ ತ್ರೀಡಿ ಪ್ರಿಂಟರ್ ಯಾರ ಗೊಡವೆಯೂ ಇಲ್ಲದೆ ಗುಂಯ್‌ಗುಡುತ್ತಿತ್ತು. ಕಾದ ಮೂತಿಯಿಂದ ಪ್ಲಾಸ್ಟಿಕ್ ಎಳೆ ಇಳಿದು, ಎಳೆಯ ಮೇಲೆ ಎಳೆ ಕೂತು, ಭುಜದ ಕವಚವೊಂದು ನಿಧಾನವಾಗಿ ಮೇಲೇಳುತ್ತಿತ್ತು. ಅತ್ತೆ ಅದರತ್ತ ಕಣ್ಣೂ ಹಾಯಿಸಲಿಲ್ಲ. ಮಗನ ಬನಿಯನ್ನನ್ನೂ ಸೊಸೆಯ ಕೈಯಲ್ಲಿದ್ದ ಟೇಪನ್ನೂ ಒಂದು ಸಲ ನೋಡಿ, ಬಾಗಿಲನ್ನು ಗೋಡೆಗೆ ಬಡಿಯುವಷ್ಟು ಅಗಲಕ್ಕೆ ತೆರೆದು ಹೊರಟುಹೋದರು.

ಸೊಸೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಬೊಚ್ಚುಬಾಯಿಯವರ ಅಚ್ಚು ಎರೆದು, ಉಜ್ಜಿ, ಅವರವರ ವಸಡಿಗೆ ಸರಿಯಾಗಿ ಕೂರಿಸುವ ಕೆಲಸ. ಲ್ಯಾಬಿಗೆ ಹೊಸ ಯಂತ್ರ ಬಂದಾಗ ಯಜಮಾನರು ಹಳೆಯ ಪ್ರಿಂಟರನ್ನು ಅವಳಿಗೇ ಕೊಟ್ಟುಬಿಟ್ಟಿದ್ದರು. ಅದನ್ನು ಕಂಡು ಕುಣಿದಾಡಿದವನು ಮೈದುನ. ಮನೆಯಲ್ಲಿ, ಬೀದಿಯಲ್ಲಿ, ಎಲ್ಲರ ಬಾಯಲ್ಲೂ ಅವನು ‘ಕಡ್ಡಿ’. ಉದ್ದಕ್ಕೆ ಬೆಳೆದು ಅಗಲಕ್ಕೆ ಬೆಳೆಯುವುದನ್ನು ಮರೆತವನು. ಸೇರಿದ ಕೆಲಸವನ್ನೆಲ್ಲ ಬಿಟ್ಟು, ಕಡೆಗೆ ಮೊಬೈಲ್ ಅಂಗಡಿಯೊಂದರಲ್ಲಿ ಗಾಜಿನ ಹಾಳೆ ಅಂಟಿಸಿಕೊಂಡು ಕೂತವನು. ತಾಯಿಯ ಎದುರು ಬಾಯಿ ಬಿಟ್ಟರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುವ ಹುಡುಗ ಅತ್ತಿಗೆಯ ಮುಂದೆ ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದ. ದೂರದ ಗ್ರಹವೊಂದರ ಕಾವಲುಭಟನನ್ನು ತಾನೇ ಕಲ್ಪಿಸಿಕೊಂಡು ಬರೆದಿದ್ದ ಚಿತ್ರವನ್ನು ಅವಳಿಗೆ ತೋರಿಸಿದ್ದ.

“ಇದನ್ನ ಹಾಕ್ಕೊಂಡ್ರೆ ನಾನೂ ಪೈಲ್ವಾನ್ ಅತ್ತಿಗೆ!”

“ಕಡ್ಡಿ ಪೈಲ್ವಾನ್,” ಎಂದು ಅವಳು ನಕ್ಕಿದ್ದಳು. “ಸರಿ, ಮಾಡೇಬಿಡೋಣ.”

ಅದು ಬರೀ ಆಟವಾಗಿರಲಿಲ್ಲ. ನಾಟಕ, ಸಿನಿಮಾಗಳಿಗೆ ವೇಷ ತಯಾರಿಸುವ ದೊಡ್ಡ ಕಾರ್ಯಾಗಾರವೊಂದು ಸ್ಪರ್ಧೆ ಏರ್ಪಡಿಸಿತ್ತು. ಕೈಚಳಕ ತೋರಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿಯಿತ್ತು. ದಂಡಪಿಂಡ ಎಂಬ ಹೆಸರು ತೊಳೆದುಕೊಳ್ಳಲು ಕಡ್ಡಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೆಲ್ಲಿ ಸಿಕ್ಕೀತು! ರಟ್ಟಿನಲ್ಲಿ ಅಳತೆ ನೋಡಿ, ಕವಚವನ್ನು ತುಂಡುತುಂಡಾಗಿ ಪ್ರಿಂಟ್ ಮಾಡಿ, ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಇಬ್ಬರ ಬೆರಳ ತುದಿಯೂ ಸವೆದಿತ್ತು.

ಆದರೆ ಅತ್ತೆ ಸಾಮಾನ್ಯ ಹೆಂಗಸಲ್ಲ. ಆಯುಷ್ಯವನ್ನೆಲ್ಲ ಆಸ್ಪತ್ರೆಯ ಮೇಟ್ರನ್ ಆಗಿ ಕಳೆದವರು. ವಾರ್ಡಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ರೋಗಿಗಳು ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದರಂತೆ. ಗಂಡ ಸತ್ತ ಮೇಲೆ ಒಬ್ಬಂಟಿಯಾಗಿ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. ಆ ಮಕ್ಕಳ ಮೇಲೆ ಇನ್ನೊಬ್ಬರ ನೆರಳು ಬಿದ್ದರೂ ಸಹಿಸದವರು. ಹಿರಿಯ ಮಗ, ಅಂದರೆ ಸೊಸೆಯ ಗಂಡ, ಮೆಡಿಕಲ್ ಶಾಪ್ ಇಟ್ಟಿದ್ದ. ಗಿರಾಕಿಗಳ ಹತ್ತಿರ ಗಂಟಲು ಹರಿಯುವಂತೆ ಮಾತಾಡುವವನು ಮನೆಯ ಹೊಸ್ತಿಲು ದಾಟಿದರೆ ಅಮ್ಮ ಹಾಕಿದ ಗೆರೆ ದಾಟುತ್ತಿರಲಿಲ್ಲ.

ಅಂದು ಸಂಜೆ ಊಟದ ಮೇಜಿನಲ್ಲಿ ಅವನು ತಟ್ಟೆಯಿಂದ ತಲೆಯೆತ್ತದೆ ಕೇಳಿದ.

“ಬಾಗಿಲು ಯಾಕೆ ಹಾಕ್ಕೊಂಡಿದ್ರಿ?”

ಅವಳ ಕೈ ತುತ್ತಿನ ಸಮೇತ ನಿಂತುಹೋಯಿತು. “ನಿಮಗೂ ಅನುಮಾನವಾ?”

“ಛೆ ಛೆ, ನನಗೇನಿಲ್ಲ. ಅಮ್ಮನಿಗೆ ಬೇಜಾರಾಗಿದೆ. ಸುಮ್ನೆ ಯಾಕೆ... ಅದನ್ನ ನಿಲ್ಸಿಬಿಡು.”

“ಅನುಮಾನ ಇಲ್ಲ ಅಂತ ನನ್ನ ಹತ್ರ ಪಿಸುಗುಟ್ಟೋದಲ್ಲ ರೀ. ಅಲ್ಲಿ ಹೋಗಿ ಹೇಳಿ, ಅವರಿಗೆ.”

ಅವನು ನೀರು ಕುಡಿದು ಎದ್ದುಹೋದ.

ಅಂದಿನಿಂದ ಆ ಮನೆಯಲ್ಲಿ ಬಾಗಿಲಿನ ಯುದ್ಧವೇ ಶುರುವಾಯಿತು. ಕಡ್ಡಿ ಪ್ರಿಂಟರ್ ಹಚ್ಚಿ ಬಾಗಿಲು ಮುಂದೆ ಮಾಡಿದರೆ ಅತ್ತೆ ಬಂದು ತೆರೆಯುವರು. ತೆರೆದು ಸುಮ್ಮನಾಗದೆ ಫ್ಯಾನನ್ನೂ ಹಾಕಿ ಹೋಗುವರು. ಅರ್ಧ ಬೆಳೆದ ಮೊಣಕೈ ಕವಚ ಗಾಳಿಗೆ ಪ್ರಿಂಟರಿನ ತಟ್ಟೆಯಿಂದ ಕಿತ್ತುಬಂದು, ಯಂತ್ರ ಕಗ್ಗಂಟಾದ ನೂಲಿನಂಥದ್ದೇನನ್ನೋ ಹೆಣೆದಿಟ್ಟಿರುವುದು. ಕಡ್ಡಿ ತುಟಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಹಚ್ಚುವನು. ಅತ್ತಿಗೆ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ತಪ್ಪು ಮಾಡಿದವಳ ಹಾಗೆ ಅಡುಗೆಮನೆಯಿಂದಲೇ, “ಒಳಗಡೆ ಸ್ಪಂಜು ಅಂಟಿಸು, ಭುಜ ಉಜ್ಜುತ್ತೆ,” ಎಂದು ಕೂಗಿ ಹೇಳುವಳು. ತಾನು ಮಾಡದ ತಪ್ಪಿಗೆ ತಾನೇ ತಲೆತಗ್ಗಿಸುತ್ತಿದ್ದೇನಲ್ಲ ಎಂದು ಒಳಗೊಳಗೇ ಕುದಿಯುವಳು.

ಸ್ಪರ್ಧೆ ಹತ್ತಿರ ಬಂತು. ಒಂದು ರಜೆಯ ದಿನ ಮಧ್ಯಾಹ್ನ ತಾರಸಿಗೆ ಹೋದ ಕಡ್ಡಿಯ ಚೀತ್ಕಾರ ಕೇಳಿ ಅವಳು ಓಡಿದಳು. ಬೆಂಕಿಯ ಹಾಗೆ ಸುಡುತ್ತಿದ್ದ ತಗಡಿನ ಮೇಲೆ ಎದೆಯ ಕವಚ ಮಲಗಿತ್ತು. ಬಣ್ಣ ಬಳಿದು ಉಕ್ಕಿನಂತೆ ಹೊಳೆಯುತ್ತಿದ್ದ ಅದು ಈಗ ನೆನೆದ ರಟ್ಟಿನ ಹಾಗೆ ಜೋಲುಬಿದ್ದು ಒಂದು ಕಡೆಗೆ ಸೊಟ್ಟಗಾಗಿತ್ತು.

“ಬಣ್ಣ ಒಣಗಲಿ ಅಂತ ಇಟ್ಟೆ,” ಎಂದರು ಅತ್ತೆ, ಮೆಟ್ಟಿಲ ಬಳಿ ನಿಂತು.

“ಬಿಸಿ ತಗುಲಿದ್ರೆ ಮೆತ್ತಗಾಗುತ್ತೆ, ಒಲೆ ಹತ್ರ ಇಡಬೇಡಿ ಅಂತ ನಾನೇ ಹೇಳಿರಲಿಲ್ವಾ ಅತ್ತೆ...”

“ನೀನು ಹೇಳಿದ್ದೆ,” ಎಂದರು ಅತ್ತೆ. ಅಷ್ಟೇ!

ಕಡ್ಡಿ ಅಲ್ಲೇ ಕುಸಿದು ಮೊಣಕಾಲಲ್ಲಿ ಮುಖ ಹುದುಗಿಸಿ ಮಗುವಿನಂತೆ ಬಿಕ್ಕಿದ. ಆ ಅಳು ಕೇಳಿ ಅವಳೊಳಗೆ ಇಷ್ಟು ದಿನ ತಗ್ಗಿದ್ದ ಏನೋ ಒಂದು ತಲೆಯೆತ್ತಿತು. “ಏಳೋ,” ಎಂದಳು. “ಬಿಸಿಗೆ ಕೆಟ್ಟಿದ್ದು ಬಿಸಿಗೇ ಸರಿಹೋಗುತ್ತೆ. ಕೆಳಗೆ ನಡಿ.”

ಹಜಾರದ ಕಿಟಕಿ, ಬಾಗಿಲುಗಳನ್ನೆಲ್ಲ ಅವಳೇ ತೆರೆದಿಟ್ಟಳು. ದೊಡ್ಡ ಟಬ್ಬಿನಲ್ಲಿ ಬಿಸಿನೀರು ಸುರಿದು ಕವಚವನ್ನು ಮುಳುಗಿಸಿದಳು. ಕಡ್ಡಿಯ ಮೈಗೆ ದಪ್ಪ ಟವೆಲುಗಳನ್ನು ಸುತ್ತಿ, ಮೆತ್ತಗಾದ ಕವಚವನ್ನು ಅವನ ಎದೆಗೆ ಒತ್ತಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಳು. ಅದು ತಣ್ಣಗಾಗಿ ಗಟ್ಟಿಯಾಗುವವರೆಗೆ ಕೈ ಬಿಡುವಂತಿರಲಿಲ್ಲ.

ಅತ್ತೆ ಹಿರಿಯ ಮಗನನ್ನು ಕೋಣೆಯಿಂದ ಎಳೆದುಕೊಂಡೇ ಬಂದರು.

“ನೋಡೋ, ಕಣ್ಣಾರೆ ನೋಡು! ಊರೆಲ್ಲ ನೋಡೋ ಹಾಗೆ ಬಾಗಿಲು ತೆರೆದಿಟ್ಟುಕೊಂಡು ಅಪ್ಪಿಕೊಂಡು ನಿಂತಿದ್ದಾಳೆ ನಿನ್ನ ಹೆಂಡ್ತಿ! ಅಣ್ಣ ಒಬ್ಬ ಸಾಲದು ಅಂತ ತಮ್ಮನೂ ಬೇಕಾಯ್ತು ಇವಳಿಗೆ!”

“ಅ... ಅಮ್ಮಾ!” ಕಡ್ಡಿ ತಾಯಿಯ ಕಡೆಗೆ ಹೆಜ್ಜೆಯಿಡಲು ಹೋದ.

“ಅಲುಗಾಡಬೇಡ,” ಎಂದಳು ಅವನಿಗೆ. ಎದುರುಮನೆಯವರು ಆಗಲೇ ಗೇಟಿನ ಬಳಿ ಬಂದು ನಿಂತಿದ್ದರು. ಅವಳು ಗಂಡನ ಮುಖ ನೋಡಿದಳು. “ಕೇಳಿಸ್ತಾ ರೀ? ಏನಾದ್ರೂ ಹೇಳಿ...”

ಅವನು ಗೇಟಿನತ್ತ ನೋಡಿದ, ಅಮ್ಮನತ್ತ ನೋಡಿದ. “ನೀನು ಮೊದಲು ಕೈ ತೆಗಿ,” ಎಂದ.

“ತೆಗೆದ್ರೆ ಕೆಟ್ಟುಹೋಗುತ್ತೆ.”

“ಕೈ ತೆಗಿ ಅಂದೆ!”

ಅವಳು ತೆಗೆಯಲಿಲ್ಲ. ಮೈದುನನ ಎದೆಯ ಮೇಲೆ ಎರಡು ಕೈಯಿಟ್ಟು, ಮಾನ ಹರಾಜಾಗುತ್ತಿದ್ದರೂ ಕದಲದೆ ನಿಂತಳು. ಅತ್ತೆಯ ಬಾಯಿಂದ ಒಂದರ ಹಿಂದೆ ಒಂದು ಮಾತು ಬಂದು ಬೀಳುತ್ತಿತ್ತು. ಕಡೆಗೆ ಕವಚ ಗಟ್ಟಿಯಾಯಿತು. ಅದನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು ಅವಳು ಅತ್ತೆಯ ಕಡೆಗೆ ತಿರುಗಿದಳು.

“ಅಳತೆ ತೆಗೆದ ಮಾತ್ರಕ್ಕೆ ನಾನು ಕೆಟ್ಟವಳಾದ್ರೆ, ನೀವು ಆಸ್ಪತ್ರೇಲಿ ಎಷ್ಟು ಗಂಡಸರ ಮೈ ಮುಟ್ಟಿದ್ರಿ ಅತ್ತೆ? ಎಷ್ಟು ರಾತ್ರಿ ಮನೆಗೆ ಬರದೆ ಅಲ್ಲೇ ಇದ್ರಿ? ನಿಮ್ಮನ್ನ ಏನಂತ ಕರೀಬೇಕು?”

ಅತ್ತೆಯ ಮುಖದಿಂದ ರಕ್ತವೇ ಇಳಿದುಹೋಯಿತು. ಎಂದೂ ಮಾತಿಗೆ ತಡಕಾಡದವರು ಗೋಡೆಗೆ ಕೈಯೂರಿದರು. ಮರುಕ್ಷಣವೇ ಗಂಡ ಹುಲಿಯಂತೆ ಎರಗಿ ಬಂದ!

“ಏಯ್! ನನ್ನ ತಾಯಿಗೆ ಅಂತೀಯಾ? ನಾಲಗೆ ಸೀಳಿಬಿಡ್ತೀನಿ! ಹೊರಟುಹೋಗು ಇಲ್ಲಿಂದ!”

ಎತ್ತಿದ ಅವನ ಕೈಯನ್ನು ಕಡ್ಡಿ ಗಾಳಿಯಲ್ಲೇ ಹಿಡಿದುಕೊಂಡ. ಅವಳು ಮಾತ್ರ ಹೆದರಲಿಲ್ಲ. ಬೆರಗಾಗಿ ಗಂಡನನ್ನೇ ನೋಡುತ್ತಿದ್ದಳು. ಇಷ್ಟು ದೊಡ್ಡ ದನಿ ಇವರಿಗಿತ್ತೇ! ಇಷ್ಟು ಹೊತ್ತು ಎಲ್ಲಿತ್ತು?

ಅವಳು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊರಟಳು. ಹಿಂದೆಯೇ ಓಡಿಬಂದ ಕಡ್ಡಿಯನ್ನು ಗೇಟಿನಲ್ಲೇ ತಡೆದಳು. “ನೀನು ನನ್ನ ಜೊತೆ ಬರಕೂಡದು. ಬಂದ್ರೆ ಅವರಂದಿದ್ದೇ ನಿಜ ಅಂತಾರೆ. ಉಳಿದ ಕೆಲಸ ನೀನೇ ಮುಗಿಸು. ಸ್ಪರ್ಧೆ ದಿನ ನಾನು ಬಂದೇ ಬರ್ತೀನಿ.” ಲ್ಯಾಬಿನ ಗೆಳತಿಯೊಬ್ಬಳ ಬಾಡಿಗೆ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಾಗಲೇ ಅವಳಿಗೆ ಅಳು ಬಂದದ್ದು. ಅತ್ತೆ ಅಂದದ್ದಕ್ಕಿಂತ ತಾನು ಅಂದದ್ದೇ ಗಂಟಲಿಗೆ ಸಿಕ್ಕಿಕೊಂಡಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ...

ಸ್ಪರ್ಧೆಯ ದಿನ ಸಭಾಂಗಣದ ಹಿಂದಿನ ಕೋಣೆ ರೆಕ್ಕೆಯವರು, ಕೊಂಬಿನವರು, ಕತ್ತಿ ಹಿರಿದವರಿಂದ ಗಿಜಿಗುಡುತ್ತಿತ್ತು. ಮೂಲೆಯಲ್ಲಿ ಕಡ್ಡಿ ಕೈಗಳನ್ನು ಅಗಲಿಸಿ ಬೊಂಬೆಯಂತೆ ನಿಂತಿದ್ದ. ಎದೆಗೂ ಬೆನ್ನಿಗೂ ಕವಚ ಏರಿಸಿಕೊಂಡಿದ್ದ. ಬೆನ್ನ ಹಿಂದಿನ ಪಟ್ಟಿಗಳನ್ನು ಬಿಗಿಯಲು ಮಾತ್ರ ಅವನ ಕೈಗೆ ಎಟುಕುತ್ತಿರಲಿಲ್ಲ. ಅತ್ತಿಗೆಯನ್ನು ಕಂಡದ್ದೇ ಅವನ ಕಣ್ಣು ತುಂಬಿತು.

“ಬೆವರು ಬಂದ್ರೆ ಬಣ್ಣ ಹೋಗುತ್ತೆ, ಕಣ್ಣೀರು ಬಂದ್ರೆ ಮಾನ ಹೋಗುತ್ತೆ. ನೆಟ್ಟಗೆ ನಿಲ್ಲು,” ಎಂದು ಗದರಿ ಅವಳು ಹಿಂದೆ ಹೋದಳು. ಪಟ್ಟಿಗಳು ಸರಿಯಾಗಿ ಕೂರುತ್ತಿರಲಿಲ್ಲ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತಿತ್ತು.

“ಸರಿ ಆಚೆ. ಕೆಳಗಿನದು ಮೊದಲು ಕಟ್ಟಬೇಕು.”

ಅತ್ತೆ! ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಬಾಗಿಲ ಹೊರಗೆ ಗಂಡನ ಅಂಗಿಯ ಅಂಚು ಕಾಣುತ್ತಿತ್ತು. ಅವಳು ಸರಿಯಲಿಲ್ಲ. ಅತ್ತೆಯೂ ಹಿಂದೆಗೆಯಲಿಲ್ಲ. ಕೊನೆಗೆ ಒಂದು ಪಟ್ಟಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅತ್ತೆ ಬಿಗಿದರು. ಎಷ್ಟೋ ಗಾಯಗಳಿಗೆ ಪಟ್ಟಿ ಕಟ್ಟಿದ ಕೈ. ಗಂಟು ಒಂದೇ ಸಲಕ್ಕೆ ಕೂತಿತು. ಕಡ್ಡಿ ಉಸಿರು ಬಿಗಿಹಿಡಿದು ನಿಂತಿದ್ದ. ಹೆಸರು ಕೂಗಿದರು. ಅವನು ಶಿರಸ್ತ್ರಾಣ ಧರಿಸಿ, ಭಾರವಾದ ಹೆಜ್ಜೆಯಿಡುತ್ತ ಬೆಳಕಿನ ಕಡೆಗೆ ನಡೆದುಹೋದ.

“ನೀನಂದ ಮಾತನ್ನ ನನಗೆ ಮೊದಲು ಅಂದೋರು ನನ್ನ ಅತ್ತೆ,” ಎಂದರು ಅತ್ತೆ, ಖಾಲಿಯಾದ ಜಾಗವನ್ನು ನೋಡುತ್ತ. “ನೈಟ್ ಡ್ಯೂಟಿ ಮುಗಿಸಿ ಬಂದ್ರೆ ಬಾಗಿಲಲ್ಲೇ ನಿಲ್ಸಿ ಮೂಸಿ ನೋಡ್ತಿದ್ರು. ನನ್ನ ಗಂಡನೂ ಸುಮ್ನೇ ಇರ್ತಿದ್ರು.”

ಅವಳು ಅವರತ್ತ ತಿರುಗಿದಳು. “ನಾನು ಹಾಗನ್ನಬಾರದಿತ್ತು ಅತ್ತೆ...”

“ಅಂದಾಯ್ತಲ್ಲ. ನಾನೂ ಅಂದಾಯ್ತು.” ಅತ್ತೆಯ ದನಿಯಲ್ಲಿ ಮೆತ್ತನೆಯದು ಯಾವುದೂ ಇರಲಿಲ್ಲ. “ನನಗೆ ಅಂದೋರನ್ನ ಅವರು ಸಾಯೋವರೆಗೂ ನಾನು ಕ್ಷಮಿಸಲಿಲ್ಲ. ನೀನೂ ನನ್ನ ಕ್ಷಮಿಸಬೇಡ. ಕೇಳೋಕೂ ನಾನು ಬಂದಿಲ್ಲ. ಅವನ ಬೆನ್ನು ಕಟ್ಟೋರು ಯಾರೂ ಇರಲ್ಲವೇನೋ ಅಂತ ಬಂದೆ.”

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಯಾರಿಗಾಗಿ ಎಂದು ಇಬ್ಬರಿಗೂ ತಿಳಿಯಲಿಲ್ಲ. ಆದರೂ ಇಬ್ಬರೂ ಕಿವಿಗೊಟ್ಟು ನಿಂತರು.

ಕಡ್ಡಿಗೆ ಬಹುಮಾನ ಬರಲಿಲ್ಲ. ಆದರೆ ಕಾರ್ಯಾಗಾರದ ಮುಖ್ಯಸ್ಥರು ಅವನ ಎದೆಯ ಕವಚವನ್ನು ತಟ್ಟಿ ನೋಡಿ, ಸೋಮವಾರದಿಂದ ಕೆಲಸಕ್ಕೆ ಬಾ ಎಂದರು. “ಅತ್ತಿಗೇ! ಅಮ್ಮಾ! ಸೋಮವಾರದಿಂದ!” ಎಂದು ಅವನು ಒಮ್ಮೆಯೂ ತೊದಲದೆ ಕೂಗಿಕೊಂಡು ಬಂದ. ಅತ್ತೆ ಅವನ ಶಿರಸ್ತ್ರಾಣ ತೆಗೆದು, ಬೆವರಿದ ಹಣೆಯನ್ನು ಸೆರಗಿನಿಂದ ಒರೆಸಿದರು.

ಹೊರಗೆ ಗಂಡ ಕಾಯುತ್ತಿದ್ದ. ಅವಳ ಕೈಯ ಚೀಲ ತೆಗೆದುಕೊಳ್ಳಲು ಮುಂದಾದ. “ಆಗಿದ್ದು ಆಗಿಹೋಯ್ತು. ಅಮ್ಮನೇ ಬಂದ್ರಲ್ಲ... ನಡಿ, ಮನೆಗೆ ಹೋಗೋಣ.”

ಅವಳು ಚೀಲ ಕೊಡಲಿಲ್ಲ. “ಅತ್ತೆ ಮಾತಿಗೆ ನನಗೆ ಕೋಪ ಬಂತು. ಕೋಪ ಅಂದ್ರೆ ಒಂದಿನ ಇಳಿಯುತ್ತೆ. ಆದ್ರೆ ನಿಮ್ಮ ತಾಯಿಗೆ ಒಂದು ಮಾತು ಬಿದ್ದಾಗ ನಿಮ್ಮ ದನಿ ಎಷ್ಟು ಬೇಗ ಬಂತು ರೀ! ಅದನ್ನ ಕೇಳಿದ ಮೇಲೆ ನಿಮ್ಮ ಮೌನಕ್ಕೆ ಏನಂತ ಸಮಾಧಾನ ಹೇಳ್ಕೊಳ್ಳಲಿ ನಾನು?”

ಅವನು ಬಾಯಿ ತೆರೆದ. ಅಮ್ಮನ ಕಡೆ ನೋಡಿದ. ಅವಳು ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಲ್ಯಾಬಿನ ಕಡೆಗೆ ಹೋಗುವ ಬಸ್ಸು ಬಂತು. ಕಿಟಕಿಯಿಂದ ಅವಳು ಹಿಂತಿರುಗಿ ನೋಡಿದಾಗ ಅತ್ತೆ ಹಿರಿಯ ಮಗನ ತೋಳು ಹಿಡಿದು ಏನೋ ಕಟುವಾಗಿ ಹೇಳುತ್ತಿದ್ದರು. ಅವನು ತಲೆತಗ್ಗಿಸಿ ಕೇಳುತ್ತಿದ್ದ.